‘ಇತ್ತ ನಾನು ಕ್ಷೇಮ’ ಅಂತ ಅವಳು ಬರೆಯದಿರಲಿ

ಪ್ರಶ್ನೆ: ನಾನು ತಿಪಟೂರಿನವಳು. ವಯಸ್ಸು 48. ಪ್ರೈಮರಿ ಶಾಲೆಯಲ್ಲಿ ಟೀಚರ್. ನಮ್ಮ ಮನೆಯವರದು ಕೊಬ್ಬರಿ ವ್ಯಾಪಾರ. ಒಬ್ಬಳೇ ಮಗಳು, ಎಂಜಿನಿಯರಿಂಗ್ ಮುಗಿಸಿದ್ದಾಳೆ. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿದೆ, ವೀಸಾನೂ ಬಂದಿದೆ. ಸೆಪ್ಟೆಂಬರ್ ಕೊನೆಗೆ ಹೊರಡುತ್ತಾಳೆ. ಮನೆ ಅಡ ಇಟ್ಟು ಸಾಲ ತೆಗೆದಿದ್ದೇವೆ. ನಾನು ಸಾರಿನಪುಡಿ, ಹುಳಿಪುಡಿ, ಹುಚ್ಚೆಳ್ಳುಪುಡಿ ಎಲ್ಲ ಮಾಡಿಟ್ಟಿದ್ದೇನೆ. ಬೆಣ್ಣೆ ಕಾಯಿಸಿ ತುಪ್ಪ ಮಾಡಿದ್ದೇನೆ. ಅವಳು ‘ಅಮ್ಮ, ಸಾಕು ಮಾಡು’ ಅಂತ ರೇಗುತ್ತಾಳೆ. ದಿನಾ ರಾತ್ರಿ ಒಂಬತ್ತಕ್ಕೆ ವಿಡಿಯೋ ಕಾಲ್ ಮಾಡಬೇಕು ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಳು. ಹೋಗುವ ಮುಂಚೆ ನಿಶ್ಚಿತಾರ್ಥ ಮುಗಿಸಿಬಿಡಿ ಅಂತ ನಾದಿನಿ ಒತ್ತಾಯ ಮಾಡುತ್ತಿದ್ದಾರೆ. ಅಂದಹಾಗೆ, ನನಗೆ ಗರ್ಭಕೋಶದಲ್ಲಿ ಗಡ್ಡೆ ಇದೆ. ತುಂಬಾ ರಕ್ತ ಹೋಗಿ ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ. ಆಪರೇಷನ್ ಮಾಡಿಸಿಕೊಳ್ಳಿ ಅಂದಿದ್ದಾರೆ ಡಾಕ್ಟರ್. ಮಗಳಿಗೆ ಹೇಳಿಲ್ಲ. ಗೊತ್ತಾದರೆ ಹೋಗುವುದಿಲ್ಲ ಅಂತ ಕೂತುಬಿಡುತ್ತಾಳೆ. ಅವಳು ಹೋದಮೇಲೆ ನವೆಂಬರ್‌ನಲ್ಲಿ ಮಾಡಿಸಿಕೊಳ್ಳುತ್ತೇನೆ. ಸರಿ ಅಲ್ವಾ?

ಉತ್ತರ:

ಪ್ರೀತಿಯ ತಂಗಿ,

ನಿಮ್ಮ ಪತ್ರ ನಾಲ್ಕು ಪುಟ ಇದೆ. ಇಲ್ಲಿ ಚಿಕ್ಕದು ಮಾಡಿ ಕೊಟ್ಟಿದ್ದೇನೆ. ಮೂರೂವರೆ ಪುಟದ ತುಂಬ ಸೂಟ್‌ಕೇಸಿನದೇ ಮಾತು. ನಿಮ್ಮ ಆಪರೇಷನ್ ವಿಷಯ ಕೊನೆಗೆ, ಐದಾರು ಸಾಲಿನಲ್ಲಿ, ‘ಅಂದಹಾಗೆ’ ಅಂತ ಬರುತ್ತದೆ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಸರಿ ಅಲ್ಲ. ಮಗಳಿಗೆ ಮುಚ್ಚಿಡಬೇಡಿ, ನವೆಂಬರ್‌ವರೆಗೆ ಕಾಯಲೂ ಬೇಡಿ. ಹೆಂಗಸರಿಗೆ ಹಿಮೋಗ್ಲೋಬಿನ್ 12 ಇರಬೇಕು. ನಿಮಗೆ 8 ಇದೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ ಅಂತ ನೀವೇ ಎರಡನೇ ಪುಟದಲ್ಲಿ ಬರೆದಿದ್ದೀರಿ. ಅಟ್ಟದಿಂದ ಸೂಟ್‌ಕೇಸ್ ಇಳಿಸಿದ್ದಕ್ಕೆ ಬಂದ ಸುಸ್ತು ಅಂದುಕೊಂಡಿದ್ದೀರಿ. ಅದು ರಕ್ತ ಕಡಿಮೆಯಾಗಿ ಬಂದ ಸುಸ್ತು ಇರಬಹುದು, ತಂಗಿ. ಈ ವಾರವೇ ಡಾಕ್ಟರ್ ಹತ್ತಿರ ಹೋಗಿ ‘ಯಾವಾಗ ಮಾಡೋಣ’ ಅಂತ ಕೇಳಿ. ಸಾಮಾನ್ಯವಾಗಿ ಮೊದಲು ರಕ್ತ ಏರಿಸುವುದಕ್ಕೆ ಔಷಧಿ ಕೊಡುತ್ತಾರೆ, ಆಮೇಲೆ ದಿನ ಗೊತ್ತು ಮಾಡುತ್ತಾರೆ. ಹೊಟ್ಟೆ ಕೊಯ್ದು ಮಾಡುವ ಆಪರೇಷನ್ ಆದರೆ ಸುಧಾರಿಸಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಈಗ ಜುಲೈ ಮೊದಲ ವಾರ. ಮಗಳು ಹೊರಡಲು ಇನ್ನೂ ಹನ್ನೊಂದು ಹನ್ನೆರಡು ವಾರ ಇದೆ. ಡಾಕ್ಟರ್ ಒಪ್ಪಿದರೆ ಅವಳು ಇರುವಾಗಲೇ ಮುಗಿಯಬಹುದು.

ನನ್ನದೇ ಒಂದು ವಿಷಯ ಹೇಳುತ್ತೇನೆ. 1983ರಲ್ಲಿ ನಾನು ಎಂ.ಎ. ಓದಲು ಮೈಸೂರಿಗೆ ಹೋದೆ. ನಮ್ಮೂರಿನಿಂದ ಹಾಗೆ ಹೋದ ಮೊದಲ ಹುಡುಗಿ. ಅಮ್ಮ ಕೈಯಲ್ಲಿದ್ದ ಎರಡು ಚಿನ್ನದ ಬಳೆ ಅಡ ಇಟ್ಟು ಕಳಿಸಿದ್ದಳು. ನಾನು ಊರಿಗೆ ಹೋದಾಗೆಲ್ಲ ಆ ಬರಿಗೈ ಕಣ್ಣಿಗೆ ಬೀಳುತ್ತಿತ್ತು. ಎರಡನೇ ವರ್ಷ ನನಗೆ ಕಾಮಾಲೆ ಬಂತು. ಕಣ್ಣು ಅರಿಸಿನದ ಬಣ್ಣಕ್ಕೆ ತಿರುಗಿತ್ತು, ಅನ್ನದ ವಾಸನೆ ಬಂದರೆ ವಾಂತಿ. ಹಾಸಿಗೆ ಮೇಲೆ ಮಲಗಿಕೊಂಡೇ ಇನ್‌ಲ್ಯಾಂಡ್ ಲೆಟರ್ ಬರೆದೆ: ‘ಇತ್ತ ನಾನು ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು.’ ಆಗ ಎಲ್ಲರ ಕಾಗದವೂ ಹಾಗೇ ಶುರುವಾಗುತ್ತಿತ್ತು. ಆವತ್ತು ಮಾತ್ರ ಆ ಸಾಲು ಬರೆಯುವಾಗ ಕೈ ನಡುಗಿತು.

ರೂಮಿನ ಗೆಳತಿ ಯಾರ ಕೈಲೋ ಸುದ್ದಿ ಮುಟ್ಟಿಸಿದಳು. ಮೂರನೇ ದಿನ ಅಮ್ಮ ಬಂದಳು. ಬಟ್ಟೆ ಚೀಲದಲ್ಲಿ ನೆಲನೆಲ್ಲಿ ಸೊಪ್ಪು ಕಟ್ಟಿಕೊಂಡು ಬಂದಿದ್ದಳು. ಯಾಕೆ ಬರೆಯಲಿಲ್ಲ ಅಂತ ಕೇಳಿದಾಗ, ನೀನು ಬಳೆ ಅಡ ಇಟ್ಟಿದ್ದೀಯಲ್ಲಮ್ಮ, ಹೇಗೆ ಬರೆಯಲಿ ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಬಳೆ ಕೊಟ್ಟಿದ್ದು ನಿನ್ನ ಓದಿಗೆ ಕಣೇ, ನಿನ್ನ ಬಾಯಿ ಮುಚ್ಚಕ್ಕಲ್ಲ’ ಅಂದಳು.

ನಿಮ್ಮ ಮಗಳು ಡ್ರೆಸ್ಡೆನ್‌ನಲ್ಲಿ ಕೂತು ‘ಚೆನ್ನಾಗಿದ್ದೀನಮ್ಮ’ ಅಂತ ಅಂಥ ಸುಳ್ಳು ಹೇಳಬಾರದು. ನಿಮ್ಮ ಪತ್ರ ಓದಿದಾಗಿನಿಂದ ನನಗಿರುವ ಚಿಂತೆ ಇದೇ. ನೀವು ಹೊಟ್ಟೆಯಲ್ಲಿ ಗಡ್ಡೆ ಇಟ್ಟುಕೊಂಡು ನಗುತ್ತಾ ಪುಡಿ ಕುಟ್ಟಿದರೆ ಅವಳು ಕಲಿಯುವುದೂ ಅದನ್ನೇ. ನಮ್ಮ ಮನೆಯಲ್ಲಿ ಪ್ರೀತಿ ಇರುವವರು ಕೆಟ್ಟ ಸುದ್ದಿ ಹೇಳುವುದಿಲ್ಲ ಅಂತ ಕಲಿಯುತ್ತಾಳೆ. ನವೆಂಬರ್‌ನಲ್ಲಿ ಆಪರೇಷನ್ ಆದರೆ ಅವಳಿಗೆ ಗೊತ್ತಾಗದೆ ಇರುತ್ತದಾ? ಯಾರೋ ಚಿಕ್ಕಮ್ಮ ‘ಅಮ್ಮ ಈಗ ಹೇಗಿದ್ದಾರೆ’ ಅಂತ ಮೆಸೇಜ್ ಹಾಕುತ್ತಾರೆ. ಅಷ್ಟು ದೂರದಲ್ಲಿ, ಮೊದಲ ಚಳಿಗಾಲದಲ್ಲಿ, ಒಬ್ಬಳೇ ರೂಮಿನಲ್ಲಿ ಅದನ್ನು ಓದುತ್ತಾಳೆ. ಆಮೇಲೆ ನೀವು ‘ಆರಾಮಾಗಿದ್ದೀನಿ’ ಅಂದರೂ ನಂಬುವುದಿಲ್ಲ.

ಹೇಳುವುದು ಹೇಗೆ ಅಂದರೆ, ಕೂರಿಸಿಕೊಂಡು ದೊಡ್ಡ ಮಾತು ಶುರು ಮಾಡಬೇಡಿ. ಸಂಜೆ ಸೊಪ್ಪು ಬಿಡಿಸುವಾಗಲೋ ಬಟ್ಟೆ ಮಡಚುವಾಗಲೋ ಹೇಳಿ. ಕೈಗೆ ಕೆಲಸ ಇದ್ದರೆ ಬಾಯಿಗೆ ಮಾತು ಸುಲಭ. ಸ್ಕ್ಯಾನಿಂಗ್ ರಿಪೋರ್ಟ್ ಅವಳ ಕೈಗೆ ಕೊಡಿ, ಓದಲಿ. ಅತ್ತರೆ ಅಳಲಿ. ‘ನಾನು ಹೋಗಲ್ಲ’ ಅಂತ ಅಂದೇ ಅನ್ನುತ್ತಾಳೆ. ಒಂದೆರಡು ದಿನ ಅನ್ನಲಿ ಬಿಡಿ. ಮರುದಿನ ಡಾಕ್ಟರ್ ಹತ್ತಿರ ಅವಳನ್ನೇ ಕರೆದುಕೊಂಡು ಹೋಗಿ, ಅವಳೇ ಪ್ರಶ್ನೆ ಕೇಳಲಿ. ಎಪಿಎಸ್ ಸರ್ಟಿಫಿಕೇಟ್ (ಇಲ್ಲಿಯ ಅಂಕಪಟ್ಟಿ ಅಸಲಿ ಅನ್ನುವ ದೃಢೀಕರಣ), ಬ್ಲಾಕ್ಡ್ ಅಕೌಂಟ್ (ಅಲ್ಲಿಯ ಖರ್ಚಿನ ದುಡ್ಡು ಮೊದಲೇ ಕಟ್ಟಿಡುವ ಖಾತೆ), ವೀಸಾ ಎಲ್ಲ ಓಡಾಡಿ ಮಾಡಿಕೊಂಡವಳು ಅವಳೇ ಅಂತ ನೀವೇ ಹೆಮ್ಮೆಯಿಂದ ಬರೆದಿದ್ದೀರಿ. ಅಷ್ಟು ಮಾಡಿದ ಹುಡುಗಿ ಇದನ್ನೂ ತಡೆದುಕೊಳ್ಳುತ್ತಾಳೆ. ನೀವು ಮಲಗಿರುವ ಆರು ವಾರ ಅವಳೇ ಅಡುಗೆಮನೆ ನೋಡಿಕೊಳ್ಳಲಿ. ಅನ್ನ ಸೀಯಲಿ, ಸಾರಿಗೆ ಉಪ್ಪು ಜಾಸ್ತಿಯಾಗಲಿ. ಅಲ್ಲಿ ಅವಳಿಗೆ ಪುಡಿ ಡಬ್ಬಕ್ಕಿಂತ ಅದೇ ಉಪಯೋಗಕ್ಕೆ ಬರುವುದು.

ಅವಳ ಕಡೆಯಿಂದ ಎಂಥ ಸುದ್ದಿ ಬರಬಹುದು ಅಂತಲೂ ಈಗಲೇ ಮಾತಾಡಿಕೊಳ್ಳಿ. ಅಲ್ಲಿಯ ಪರೀಕ್ಷೆ ನಮ್ಮ ಹಾಗಲ್ಲ. ಸಾಮಾನ್ಯವಾಗಿ ಒಂದು ವಿಷಯಕ್ಕೆ ಮೂರು ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೇ ಸಲವೂ ಫೇಲಾದರೆ ಆ ಕೋರ್ಸನ್ನೇ ಬಿಡಬೇಕಾಗಬಹುದು. ಇಲ್ಲಿ ಡಿಸ್ಟಿಂಕ್ಷನ್ ತೆಗೆದವರೂ ಅಲ್ಲಿ ಮೊದಲ ಸೆಮಿಸ್ಟರ್‌ನಲ್ಲಿ ಎಡವುತ್ತಾರೆ. ಒಂದು ಸಲ ಫೇಲಾದಾಗಲೇ ಮನೆಯಲ್ಲಿ ಹೇಳಿದರೆ ದಾರಿ ಇರುತ್ತದೆ. ಮೂರನೇ ಸಲದವರೆಗೆ ನುಂಗಿಕೊಂಡರೆ ಕಷ್ಟ. ಡಿಸೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಬೆಳಗಾಗುವುದು ಎಂಟಕ್ಕೆ. ತಿಪಟೂರಿನ ಬಿಸಿಲಲ್ಲಿ ಬೆಳೆದ ಹುಡುಗಿಗೆ ಅದೇ ಒಂದು ಭಾರ. ಮನಸ್ಸು ಕುಗ್ಗಿದರೆ ಮಾತಾಡಲು ವಿದ್ಯಾರ್ಥಿ ಸೇವಾ ಸಂಸ್ಥೆಗಳಲ್ಲಿ ಆಪ್ತ ಸಲಹೆಗಾರರು ಇರುತ್ತಾರೆ. ಸೇರಿಕೊಂಡ ಮೊದಲ ತಿಂಗಳೇ ಆ ಬಾಗಿಲು ಎಲ್ಲಿದೆ ಅಂತ ನೋಡಿಕೊಂಡು ಬರಲಿ. ಅಪಾಯ ಅಂದಾಗ ಕರೆಯುವ ನಂಬರ್ 112, ಇಲ್ಲಿಯ ಹಾಗೇ.

ಈಗ ಸಾಲದ ಮಾತು. ಮನೆಗೆ ಬಂದವರಿಗೆಲ್ಲ ನಿಮ್ಮ ಯಜಮಾನರು ‘ಮನೆ ಅಡ ಇಟ್ಟು ಕಳಿಸ್ತಾ ಇದೀನಿ’ ಅಂತ ಹೇಳುತ್ತಾರೆ, ಮಗಳು ಎದ್ದು ಒಳಗೆ ಹೋಗುತ್ತಾಳೆ ಅಂತ ಬರೆದಿದ್ದೀರಿ. ಅವರು ಅದನ್ನು ಹೆಮ್ಮೆಯಿಂದಲೇ ಹೇಳುವುದು, ನನಗೆ ಅರ್ಥವಾಗುತ್ತದೆ. ಅವಳಿಗೆ ಮಾತ್ರ ಅದು ನನ್ನಮ್ಮನ ಬರಿಗೈ ಕಂಡ ಹಾಗೆ. ನೀವು ಹೇಳಿದರೆ ಕೇಳುತ್ತಾರೆ, ದಯವಿಟ್ಟು ನಿಲ್ಲಿಸಲು ಹೇಳಿ. ಅದರ ಬದಲು ಮೂವರೂ ಒಂದು ಸಂಜೆ ಸಾಲದ ಕಾಗದ ಹರಡಿಕೊಂಡು ಕೂರಿ. ಎಷ್ಟು ಸಾಲ, ಬಡ್ಡಿ ಎಷ್ಟು, ಕಂತು ಯಾವಾಗ ಶುರು, ಎಲ್ಲ ಲೆಕ್ಕ ಹಾಕಿ. ಶಿಕ್ಷಣ ಸಾಲಕ್ಕೆ ಸಾಮಾನ್ಯವಾಗಿ ಕೋರ್ಸ್ ಮುಗಿದು ಒಂದು ವರ್ಷದವರೆಗೆ ಕಂತು ಇರುವುದಿಲ್ಲ, ಆದರೆ ಬಡ್ಡಿ ಬೆಳೆಯುತ್ತಿರುತ್ತದೆ. ಸರ್ಕಾರಿ ವಿಶ್ವವಿದ್ಯಾಲಯ, ಫೀಸ್ ಇಲ್ಲ ಅಂದಿದ್ದೀರಿ, ಅದು ದೊಡ್ಡ ಸಮಾಧಾನ. ವೀಸಾಗೆ ಅಂತ ಆ ಬ್ಲಾಕ್ಡ್ ಅಕೌಂಟಿನಲ್ಲಿ ಇಟ್ಟ 11,904 ಯೂರೋ ತಿಂಗಳಿಗೆ 992ರಂತೆ ಅವಳ ಕೈಗೆ ಬರುತ್ತದೆ. ಬಾಡಿಗೆ, ವಿಮೆ, ಊಟ ಎಲ್ಲ ಅದರಲ್ಲೇ. ಓದಿನ ಜೊತೆ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅವಕಾಶ ಇದೆ. ಓದು ಮುಗಿದ ಮೇಲೆ ಕೆಲಸ ಹುಡುಕಲು 18 ತಿಂಗಳವರೆಗೆ ಅಲ್ಲೇ ಇರಬಹುದು. ಲೆಕ್ಕ ಕಣ್ಣೆದುರಿಗೆ ಇದ್ದರೆ ಸಾಲದ ಹೆದರಿಕೆ ಅರ್ಧ ಇಳಿಯುತ್ತದೆ.

ಇನ್ನೊಂದು ಕೆಲಸ ಮಾಡಿ. ಅಲ್ಲಿಂದ ಬೆಂಗಳೂರಿಗೆ ವಾಪಸ್ ಬರುವ ಟಿಕೆಟ್‌ಗೆ ಆಗುವಷ್ಟು ದುಡ್ಡು ಅವಳ ಹೆಸರಿನಲ್ಲಿ ಬೇರೆ ಇಡಿ. ‘ಇದು ಯಾವತ್ತು ಬೇಕಾದರೂ ನಿನ್ನದು, ನಮ್ಮನ್ನು ಕೇಳಬೇಕಾಗಿಲ್ಲ, ಬಂದು ಬಾಗಿಲು ತಟ್ಟು ಸಾಕು’ ಅಂತ ಹೇಳಿ. ಹಾಗೆ ಹೇಳಿಸಿಕೊಂಡ ಮಕ್ಕಳು ಓಡಿ ಬರುವುದಿಲ್ಲ, ಧೈರ್ಯವಾಗಿ ನಿಲ್ಲುತ್ತಾರೆ. ನಾನು ಕಣ್ಣಾರೆ ಕಂಡಿದ್ದೇನೆ.

ಒಂಬತ್ತು ಗಂಟೆಯ ಕಾಲ್ ಬಗ್ಗೆ ಮಗಳು ಹೇಳಿದ್ದೇ ಸರಿ. ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಒಂದು ಗಂಟೆ ಹಿಂದೆ ಹಾಕುತ್ತಾರೆ. ಆಮೇಲೆ ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ. ನಿಮ್ಮ ರಾತ್ರಿ ಒಂಬತ್ತು ಅಂದರೆ ಅವಳಿಗೆ ಸಂಜೆ ನಾಲ್ಕೂವರೆ. ಕ್ಲಾಸಿನಲ್ಲೋ ಲ್ಯಾಬಿನಲ್ಲೋ ಇರುತ್ತಾಳೆ. ಫೋನ್ ಎತ್ತದಿದ್ದರೆ ನಿಮಗೆ ನಿದ್ದೆ ಇಲ್ಲ. ದಿನಕ್ಕೊಂದು ಮೆಸೇಜ್, ಭಾನುವಾರ ನಿಧಾನವಾಗಿ ಒಂದು ಕಾಲ್ ಅಂತ ಮಾಡಿಕೊಳ್ಳಿ. ಭಾನುವಾರ ಅಲ್ಲಿ ಅಂಗಡಿಗಳೆಲ್ಲ ಮುಚ್ಚಿರುತ್ತವೆ, ಅವಳಿಗೂ ಬಿಡುವು ಇರುತ್ತದೆ. ಕಾಲ್ ಮಾಡಿದಾಗ ‘ಊಟ ಆಯ್ತಾ’ ಅಂತ ಕೇಳಿ, ಅದು ನಮ್ಮ ಬಾಯಿಗೆ ಬಂದೇ ಬರುತ್ತದೆ. ಜೊತೆಗೆ ‘ಈ ವಾರ ಯಾವುದು ಕಷ್ಟ ಆಯ್ತು’ ಅಂತಲೂ ಕೇಳಿ. ನಿಮ್ಮದನ್ನೂ ಹೇಳಿ.

ನಿಶ್ಚಿತಾರ್ಥ ಬೇಡ. ಅವಳು ಕೇಳಿಲ್ಲ, ನಿಮಗೂ ಮನಸ್ಸಿಲ್ಲ. ನಾದಿನಿಗೆ ‘ಓದು ಮುಗಿಯಲಿ’ ಅಂತ ಒಂದೇ ಮಾತು ಹೇಳಿ.

ಕೊನೆಗೆ ಸೂಟ್‌ಕೇಸ್. ಪುಡಿಗಳು ಹೋಗಲಿ, ಆದರೆ ಕಾಲು ಕಾಲು ಕೆಜಿ ಸಾಕು. ಇಡೀ ಒಣಕೊಬ್ಬರಿ ಹಾಕಬೇಡಿ. ಎಣ್ಣೆ ಅಂಶ ಜಾಸ್ತಿ, ಬೆಂಕಿ ಹೊತ್ತಿಕೊಳ್ಳುವ ವಸ್ತು ಅಂತ ವಿಮಾನದಲ್ಲಿ ಬಿಡುವುದಿಲ್ಲ. ಕೊಬ್ಬರಿ ಊರಿನವರಿಗೆ ಇದು ಬೇಜಾರಿನ ಮಾತು, ನನಗೆ ಗೊತ್ತು. ಹಸಿ ಕರಿಬೇವು ಕೂಡ ಬೇಡ, ಒಣಗಿಸಿ ಪುಡಿ ಮಾಡಿ ಕೊಡಿ. ಕುಕ್ಕರ್ ಕೊಡುವುದಾದರೆ ತಳ ಚಪ್ಪಟೆ ಇರುವ, ಇಂಡಕ್ಷನ್‌ಗೆ ಆಗುವಂಥದ್ದು ನೋಡಿ ಕೊಡಿ. ನೀರಿನ ಫಿಲ್ಟರ್ ತೆಗೆದಿಡಿ, ಅಲ್ಲಿ ನಲ್ಲಿ ನೀರನ್ನೇ ಕುಡಿಯುತ್ತಾರೆ. ಟಿಕೆಟ್ ಇನ್ನೂ ತೆಗೆದಿಲ್ಲ ಅಂದಿರಿ. ಶನಿವಾರ ರಾತ್ರಿ, ಭಾನುವಾರ ಇಳಿಯುವ ಹಾಗೆ ತೆಗೆಯಬೇಡಿ. ಹೋದ ದಿನವೇ ಅಕ್ಕಿ ಹಾಲು ಸಿಗದೆ ಪರದಾಡಬೇಕಾಗುತ್ತದೆ.

ಆ ತುಪ್ಪ ಹೋಗುವುದಿಲ್ಲ, ತಂಗಿ. ಹೊರದೇಶದಿಂದ ಬರುವವರು ಹಾಲಿನ ಪದಾರ್ಥ ತರುವ ಹಾಗಿಲ್ಲ ಅಂತ ಯುರೋಪಿನ ನಿಯಮ. ತುಪ್ಪ, ಪೇಡ ಎರಡೂ ಅದರಲ್ಲಿ ಬರುತ್ತವೆ. ಕಾಯಿಸುವಾಗ ವೀಳ್ಯದೆಲೆ ಹಾಕಿ, ಮಗಳಿಗೆ ಇಷ್ಟ ಅಂತ ತಳದ ಗಸಿಯನ್ನೂ ತೆಗೆದಿಟ್ಟಿದ್ದೀರಂತೆ. ಇದನ್ನು ಬರೆಯಲು ನನಗೂ ಮನಸ್ಸಾಗಲಿಲ್ಲ. ಅವಳು ಊರಿನಲ್ಲಿ ಇರುವಷ್ಟು ದಿನ ಬಿಸಿ ಮುದ್ದೆಗೆ ಹಾಕಿ ಬಡಿಸಿ. ನೀವೂ ಪಕ್ಕದಲ್ಲಿ ಕೂತು ಉಣ್ಣಿ. ಎಲ್ಲರದೂ ಆದಮೇಲೆ ಒಬ್ಬರೇ ಉಣ್ಣುವ ಅಭ್ಯಾಸ ಬಿಡಿ.

ಡಾಕ್ಟರ್ ಹತ್ತಿರ ಹೋಗಿ ಬಂದಮೇಲೆ ನನಗೂ ನಾಲ್ಕು ಸಾಲು ಬರೆಯಿರಿ. ಹಿಮೋಗ್ಲೋಬಿನ್ ಎಷ್ಟಾಯಿತು, ಆಪರೇಷನ್ ಯಾವ ತಾರೀಖು, ಮಗಳು ಏನಂದಳು, ಎಲ್ಲ ಬೇಕು. ‘ಇತ್ತ ನಾನು ಕ್ಷೇಮ’ ಅಂತ ಮಾತ್ರ ಬರೆದರೆ ನಾನು ನಂಬುವುದಿಲ್ಲ.