ಗ್ಯಾರೇಜಿನಲ್ಲಿ 40 ನಿಮಿಷ

ಆಪ್ತಸಲಹೆಗೆ ನನ್ನ ಹತ್ತಿರ ಬಂದವರೊಬ್ಬರ ಕಥೆ ಇದು. ಗುರುತು ಸಿಗದ ಹಾಗೆ ವಿವರ ಬದಲಾಯಿಸಿದ್ದೇನೆ. ಇವರನ್ನು ‘ಆರ್’ ಅನ್ನೋಣ. ವಯಸ್ಸು 34. ಅಮೆರಿಕದ ವಾಯುಪಡೆಯಲ್ಲಿ ರೀಪರ್ ಅನ್ನುವ ದಾಳಿ ಡ್ರೋನಿನ ಸೆನ್ಸರ್ ಆಪರೇಟರ್, ಅಂದರೆ ಅದರ ಕ್ಯಾಮೆರಾ, ಲೇಸರ್ ನಡೆಸುವವರು ಆಗಿದ್ದರು. ಪೈಲಟ್ ಕ್ಷಿಪಣಿ ಬಿಟ್ಟ ಮೇಲೆ ಅದು ಮುಟ್ಟುವವರೆಗೂ ಅದಕ್ಕೆ ದಾರಿ ತೋರುವ ಲೇಸರನ್ನು ಗುರಿಯ ಮೇಲೆ ಹಿಡಿದಿರಬೇಕಾದವರು ಇವರೇ. ಕಣ್ಣು ತಿರುಗಿಸುವ ಹಾಗೇ ಇಲ್ಲ.

ಕೂರುತ್ತಿದ್ದದ್ದು ನೆವಾಡಾದ ಕ್ರೀಚ್ ನೆಲೆಯಲ್ಲಿ, ನೋಡುತ್ತಿದ್ದದ್ದು ಸಾವಿರಾರು ಮೈಲಿ ಆಚೆಯ ಊರನ್ನು. ಪಾಳಿ ಮುಗಿಸಿ ಹೊರಟರೆ ಗಂಟೆಯೊಳಗೆ ಲಾಸ್ ವೇಗಸ್‌ನ ಮನೆ, ಹೆಂಡತಿ, ಮಗಳ ಹೋಂವರ್ಕ್.

ಡ್ರೋನ್ ಪೈಲಟ್ ಒಬ್ಬನ ಕಥೆಯ ಸಿನಿಮಾ ನೋಡುತ್ತಾ ಅರ್ಧಕ್ಕೇ ಎದ್ದು ಗ್ಯಾರೇಜಿನ ಕಾರಲ್ಲಿ ಹೋಗಿ ಕೂತುಬಿಟ್ಟರು ಅಂತ ಹೆಂಡತಿ ಕರೆತಂದರು. ಸಿನಿಮಾದಿಂದ ಹೀಗಾಯಿತು ಅಂದುಕೊಂಡಿದ್ದರು ಅವರು. ಆದರೆ ಕೆಲಸ ಬಿಟ್ಟು ಎರಡು ವರ್ಷವಾದರೂ, ಎಲ್ಲಿಗೆ ಹೋಗಿ ಬಂದರೂ, ಆರ್ ಮನೆಯೊಳಗೆ ಬರುವ ಮುಂಚೆ 40 ನಿಮಿಷ ಕಾರಲ್ಲೇ ಹಾಗೇ ಕೂರುತ್ತಿದ್ದರು.

ಮೂರನೇ ಭೇಟಿಯಲ್ಲಿ ಬಾಯಿಬಿಟ್ಟರು. ಒಂದೇ ಮನೆಯನ್ನು 19 ದಿನ ನೋಡಿದ್ದರಂತೆ. ಆ ಮನೆಯ ಮನುಷ್ಯ ಎಷ್ಟೊತ್ತಿಗೆ ಏಳುತ್ತಾನೆ, ಆಡುಗಳನ್ನು ಯಾವ ಗೋಡೆಗೆ ಕಟ್ಟುತ್ತಾನೆ, ಮಗ ಸೆಕೆಗೆ ಮಾಳಿಗೆ ಮೇಲೆ ಯಾವ ಮೂಲೆಯಲ್ಲಿ ಮಲಗುತ್ತಾನೆ, ಎಲ್ಲ ಗೊತ್ತಿತ್ತು. “ಆವತ್ತು ಹುಡುಗ ಒಳಗಿರಲಿಲ್ಲ, ನಾನೇ ತಲೆ ಎಣಿಸಿದ್ದೆ. ಆದರೆ ಹೊಡೆದ ಮೇಲೂ ಏನಾಯಿತು ಅಂತ ನೋಡುತ್ತಲೇ ಇರಬೇಕು. ಅವನು ಓಡಿ ಬಂದದ್ದನ್ನು ನೋಡಿದೆ.” ಈಗಲೂ ಮಗಳ ಹುಟ್ಟುಹಬ್ಬಕ್ಕೆ ಬಂದ ಮಕ್ಕಳನ್ನು ಎಣಿಸುತ್ತಾ ನಿಲ್ಲುತ್ತಾರೆ.

‘ನಿಮ್ಮ ತಪ್ಪಿಲ್ಲ, ಆದೇಶ ಪಾಲಿಸಿದಿರಿ’ ಅಂತ ನಾನು ಹೇಳಲಿಲ್ಲ. ಎಲ್ಲರೂ ಅದನ್ನೇ ಹೇಳಿ ಅವರ ಬಾಯಿ ಕಟ್ಟಿದ್ದರು. ‘ಈಗ ಸುರಕ್ಷಿತವಾಗಿದ್ದೀರಲ್ವಾ’ ಅನ್ನುವುದಂತೂ ಇನ್ನೂ ಕೆಟ್ಟದ್ದು. ಅವರು ಯಾವಾಗಲೂ ಸುರಕ್ಷಿತವಾಗೇ ಇದ್ದರು, ಚುಚ್ಚುತ್ತಿದ್ದದ್ದೂ ಅದೇ. ಇದು ಜೀವಭಯದಿಂದ ಆದದ್ದಲ್ಲ, ತಾನು ಮಾಡಿದ್ದನ್ನು ತನ್ನ ಮನಸ್ಸೇ ಒಪ್ಪದಿದ್ದಾಗ ಆಗುವ ನೈತಿಕ ಗಾಯ. ವಿಯೆಟ್ನಾಂ ಯೋಧರಿಗೆ ಚಿಕಿತ್ಸೆ ಕೊಟ್ಟ ಮನೋವೈದ್ಯ ಜೊನಾಥನ್ ಶೇ 1990ರ ದಶಕದಲ್ಲೇ ಇದರ ಬಗ್ಗೆ ಬರೆದಿದ್ದಾರೆ.

ಅವರಿಗೆ ಹೇಳಿದ್ದು ಇಷ್ಟು. ಜಾಗದ ಹೆಸರು, ಕಾರ್ಯಾಚರಣೆಯ ಗುಟ್ಟು ನನಗೆ ಬೇಡ, ನಿಮಗೆ ಏನಾಯಿತೋ ಅದನ್ನು ಹೇಳಿ. ಆ ಹುಡುಗನಿಗೆ ಒಂದು ಪತ್ರ ಬರೆಯಿರಿ, ಕಳಿಸುವುದಕ್ಕಲ್ಲ. ನಿದ್ದೆಗೆ ಅಂತ ಕುಡಿಯುವುದನ್ನು ನಿಲ್ಲಿಸಿ, ಅದು ನಡುರಾತ್ರಿ ಎಬ್ಬಿಸಿಬಿಡುತ್ತದೆ. ‘ನಾನು ಯುದ್ಧಕ್ಕೇ ಹೋಗಿಲ್ಲವಲ್ಲ’ ಅಂತ ಅವರು ಮಾಜಿ ಯೋಧರಿಗೆ ಆಪ್ತಸಲಹೆ ಕೊಡುವ ವೆಟ್ ಸೆಂಟರಿಗೆ ಕಾಲಿಟ್ಟಿರಲಿಲ್ಲ. ಯುದ್ಧಭೂಮಿಯ ಕಾರ್ಯಾಚರಣೆಗೆ ನೇರವಾಗಿ ನೆರವಾದ ಡ್ರೋನ್ ಸಿಬ್ಬಂದಿಗೂ ಅಲ್ಲಿ ಉಚಿತ ಆಪ್ತಸಲಹೆ ಸಿಗುತ್ತದೆ. ಸಾಯುವ ಯೋಚನೆ ಬಂದರೆ ತಡಮಾಡದೆ ಅಮೆರಿಕದ ಸಹಾಯವಾಣಿ 988ಕ್ಕೆ ಫೋನ್ ಮಾಡಿ, ಮಾಜಿ ಯೋಧರ ವಿಭಾಗಕ್ಕೆ 1 ಒತ್ತಿ ಅಂತ ಇಬ್ಬರಿಗೂ ಬರೆದುಕೊಟ್ಟೆ.

ಹೆಂಡತಿಗೆ ಹೇಳಿದ್ದು: ಎಷ್ಟು ಜನ ಸತ್ತರು ಅಂತ ಕೇಳಬೇಡಿ. ಸುಮ್ನೆ ಹೋಗಿ ಪಕ್ಕದ ಸೀಟಲ್ಲಿ ಕೂತುಕೊಳ್ಳಿ.

ಕೂರುತ್ತಿದ್ದಾರೆ. ಹೋದ ವಾರ 20 ನಿಮಿಷಕ್ಕೇ ಇಬ್ಬರೂ ಇಳಿದು ಒಳಗೆ ಹೋದರಂತೆ. ಪತ್ರ ಇನ್ನೂ ಶುರುವಾಗಿಲ್ಲ.