ಇಂಟರ್ವ್ಯೂಗೆ ಮೊದಲು ಉಗ್ಗು ಪೂರ್ತಿ ನಿಲ್ಲಬೇಕು, ಸ್ಪೀಚ್ ಥೆರಪಿ ಎಲ್ಲಿ ತಗೊಳ್ಳಲಿ?

ನಿಮ್ಮ ಪ್ರಶ್ನೆಯ ಒಂದು ಸಾಲಿಗೆ ಬಂದಾಗ ನನಗೆ ಮುಂದೆ ಓದಲಾಗಲಿಲ್ಲ. "ಕಷ್ಟದ ಪದ ಬಂದರೆ ಬೇರೆ ಪದ ಹಾಕಿ ಮ್ಯಾನೇಜ್ ಮಾಡುತ್ತೇನೆ, ಹಾಗಾಗಿ ಜಾಸ್ತಿ ಜನಕ್ಕೆ ಗೊತ್ತಿಲ್ಲ" ಎಂದು ಬರೆದಿದ್ದೀರಿ. ನಾನೂ ಅದನ್ನೇ ಮಾಡಿಕೊಂಡು ಬಂದವನು. ಇಂಟರ್ವ್ಯೂಗೆ ನಾಲ್ಕು ತಿಂಗಳಿದೆ, ಅಷ್ಟರಲ್ಲಿ ಉಗ್ಗು ಹೋಗಲೇಬೇಕು, ಶಿವಮೊಗ್ಗದಲ್ಲೇ ತೋರಿಸಲಾ ಮೈಸೂರಿಗೆ ಹೋಗಲಾ ಎಂದು ಕೇಳಿದ್ದೀರಿ. ಶಿವಮೊಗ್ಗ, ಮೈಸೂರು ಆಮೇಲೆ ನೋಡೋಣ. ಮೊದಲು ಆ ಪದ ಬದಲಿಸುವ ಚಾಳಿಯ ಬಗ್ಗೆ ಹೇಳಬೇಕು.

ನಮ್ಮ ಮನೆ ಮಂಡಗದ್ದೆಯಿಂದ ಸ್ವಲ್ಪ ಒಳಗೆ. ಬಿಕಾಂ ಓದಿದ್ದು ಶಿವಮೊಗ್ಗದಲ್ಲಿ, ಹಾಸ್ಟೆಲಿನಲ್ಲಿದ್ದುಕೊಂಡು. ನನಗೆ ತುಟಿ ಕೂಡುವ ಅಕ್ಷರಗಳೆಂದರೆ ಆಗುತ್ತಿರಲಿಲ್ಲ. ಪ, ಬ, ಮ. ಅವುಗಳ ಜೊತೆಗೆ ಟ. ಶನಿವಾರ ಊರಿನ ಬಸ್ಸು ಹತ್ತಿದರೆ ಕಂಡಕ್ಟರ್ ಹತ್ತಿರ ಬಂದ ಹಾಗೆಲ್ಲ ಎದೆ ಬಡಿತ ಜೋರಾಗುತ್ತಿತ್ತು. "ಎಲ್ಲಿಗೆ?" ಎಂದು ಕೇಳಿದ ಕೂಡಲೇ ತುಟಿ ಎರಡೂ ಅಂಟಿಕೊಂಡು ಬಿಡುತ್ತಿದ್ದವು. ಗಾಳಿ ಹೊರಗೆ ಬರುವುದಿಲ್ಲ, ಒಳಗೂ ಹೋಗುವುದಿಲ್ಲ. ಹಿಂದಿನ ಸೀಟಿನವರು ಬಗ್ಗಿ ನೋಡುತ್ತಾರೆ. ಅದಕ್ಕೆ "ತೀರ್ಥಹಳ್ಳಿ" ಎಂದು ಹೇಳಿ, ತೀರ್ಥಹಳ್ಳಿವರೆಗಿನ ದುಡ್ಡು ಕೊಟ್ಟು, ಅರ್ಧ ದಾರಿಯ ಮಂಡಗದ್ದೆಯಲ್ಲಿ ಇಳಿದು ಹೋಗುತ್ತಿದ್ದೆ. ನೀವೂ ಇಂಥದ್ದೇ ಏನಾದರೂ ಮಾಡಿರುತ್ತೀರಿ. ಉಗ್ಗುವವರಲ್ಲಿ ಮಾಡದವರು ಕಡಿಮೆ.

ಅಮ್ಮ ಸಣ್ಣವನಿದ್ದಾಗ ಬಜೆ ತೇಯ್ದು ನಾಲಿಗೆಗೆ ಹಚ್ಚಿದ್ದಳು. ಹರಕೆಯೂ ಆಯಿತು. ಅಪ್ಪ "ಉಸಿರು ತಗೊಂಡು ನಿಧಾನ ಹೇಳಾ" ಎನ್ನುತ್ತಿದ್ದರು. ಊರಿನ ಭಜನೆಯಲ್ಲಿ ಮಾತ್ರ ನನ್ನ ದನಿ ಎಲ್ಲೂ ತಡೆಯುತ್ತಿರಲಿಲ್ಲ. "ಹಾಡುವಾಗ ಬರುತ್ತದೆ, ಮಾತಾಡುವಾಗ ಯಾಕೆ ಬರುವುದಿಲ್ಲ? ಬರೀ ಹೆದರಿಕೆ ಅವನಿಗೆ" ಎಂದು ಎಲ್ಲರೂ ತೀರ್ಮಾನ ಮಾಡಿದ್ದರು. ಅದು ತಪ್ಪು. ಹಾಡುವಾಗ, ನಾಲ್ಕು ಜನರ ಜೊತೆ ದನಿ ಸೇರಿಸಿ ಓದುವಾಗ ಉಗ್ಗು ಮಾಯವಾಗುವುದು ಹೆಚ್ಚುಕಡಿಮೆ ಎಲ್ಲರಿಗೂ ಆಗುವಂಥದ್ದು. ಉಗ್ಗಿನ ಬೇರು ಇರುವುದು ಮಾತಿನ ಚಲನೆಯನ್ನು ಹೊಂದಿಸುವ ಮೆದುಳಿನ ಕೆಲಸದಲ್ಲಿ. ಹೆದರಿಕೆ ಅದರ ಮೇಲೆ ಬಂದು ಕೂರುತ್ತದೆ, ಅಷ್ಟೆ.

ಫೈನಲ್ ಇಯರಿನಲ್ಲಿ ನಾನೇ ದುಡ್ಡು ಹೊಂದಿಸಿ ಶಿವಮೊಗ್ಗದ ಒಂದು ಕ್ಲಿನಿಕ್ಕಿಗೆ ಹೋದೆ. ನಾನು ಕೆಟ್ಟದ್ದು ಇಲ್ಲೇ, ಅದಕ್ಕೆ ಇದನ್ನು ಬಿಡಿಸಿ ಹೇಳುತ್ತೇನೆ.

ಅಲ್ಲಿನ ಥೆರಪಿಸ್ಟ್ ಒಳ್ಳೆಯವರು, ಕೆಲಸ ಗೊತ್ತಿದ್ದವರು. ಮನೆ ಬಗ್ಗೆ, ಕಾಲೇಜು ಬಗ್ಗೆ ಮಾತಾಡಿ ಎಂದರು. ನಾನು ಮಾತಾಡಿದೆ. ಹೇಗೆ ಮಾತಾಡಿದೆ? ಹೊರಗೆ ಮಾತಾಡುವ ಹಾಗೆಯೇ, ಪದ ಬದಲಿಸಿಕೊಂಡು. ಊರು ಯಾವುದು ಎಂದರೆ "ತೀರ್ಥಹಳ್ಳಿ ಹತ್ತಿರ" ಎಂದೆ. ತಂದೆಗೆ ಏನು ಕೆಲಸ ಎಂದಾಗ "ಬೇಸಾಯ" ಬಾಯಿಗೆ ಬಂತು, ಅದನ್ನು ನುಂಗಿ "ಅಡಿಕೆ ತೋಟ ಇದೆ" ಎಂದೆ. ಓದಲು ಒಂದು ಪ್ಯಾರಾ ಕೊಟ್ಟರು. ಓದುವಾಗ ಪದ ಬದಲಿಸಲು ಆಗುವುದಿಲ್ಲವಲ್ಲ, ಅಲ್ಲಿ ಒಂದೆರಡು ಕಡೆ ತಡೆಯಿತು. ಇನ್ನೊಂದು ಕಡೆ ಕೆಮ್ಮಿ ದಾಟಿಸಿದೆ. ಅವರು ರೆಕಾರ್ಡ್ ಕೇಳಿ, ಎಣಿಸಿ, 'ಮೈಲ್ಡ್' ಎಂದು ಬರೆದರು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಪರೀಕ್ಷೆ ಪಾಸಾದವನ ಹಾಗೆ ಹೊರಗೆ ಬಂದೆ.

ಅಲ್ಲಿಂದ ಮುಂದಿನದೆಲ್ಲ ವ್ಯರ್ಥ. ಸ್ವರ ಎಳೆದು, ನಿಧಾನವಾಗಿ, ಪದಕ್ಕೆ ಪದ ಅಂಟಿಸಿ ಮಾತಾಡುವುದನ್ನು ಕಲಿಸಿದರು. ಅದು ಒಳ್ಳೆಯ ವಿಧಾನವೇ. ಆದರೆ ನಾನು ಅದನ್ನು ಅಭ್ಯಾಸ ಮಾಡಿದ್ದು ನನಗೆ ಮೊದಲೇ ಬರುತ್ತಿದ್ದ ಪದಗಳ ಮೇಲೆ. ಬಾರದ ಪದಗಳು ಆ ಕೋಣೆಯ ಒಳಗೆ ಬರಲೇ ಇಲ್ಲ. ನಾನೇ ಅವನ್ನು ಬಾಗಿಲ ಹೊರಗೆ ನಿಲ್ಲಿಸಿ ಹೋಗುತ್ತಿದ್ದೆ. ಕೋಣೆಯಲ್ಲಿ ಸರಾಗವಾದ ಮಾತು, ಬಸ್ಸಿನಲ್ಲಿ ಅದೇ ತೀರ್ಥಹಳ್ಳಿ ಟಿಕೆಟ್. ಕೆಲವು ತಿಂಗಳಾದ ಮೇಲೆ ಅವರು "ಚೆನ್ನಾಗಿ ಇಂಪ್ರೂವ್ ಆಗಿದ್ದೀರಿ, ಮನೆಯಲ್ಲಿ ಮುಂದುವರಿಸಿ" ಎಂದರು. ನಾನು ಥೆರಪಿಯಿಂದ ಏನೂ ಆಗುವುದಿಲ್ಲ ಎಂದು ತೀರ್ಮಾನಿಸಿದೆ. ಅವರು ಕಂಡದ್ದಕ್ಕೆ ಚಿಕಿತ್ಸೆ ಕೊಟ್ಟರು. ನಾನು ಕಾಣಿಸಲೇ ಇಲ್ಲ.

ಆಮೇಲೆ ಇಂಟರ್ವ್ಯೂ. ಒಂದು ಸಹಕಾರಿ ಸಂಘದಲ್ಲಿ ಲೆಕ್ಕಪತ್ರದ ಕೆಲಸ, ಊರಿಗೆ ಹತ್ತಿರ, ಒಳ್ಳೆಯ ಸಂಬಳ. ಎದುರಿಗೆ ಮೂವರು. ಎಲ್ಲ ಸರಿಯಾಗಿಯೇ ನಡೆದಿತ್ತು. ನಡುವೆ ಕೂತವರು "ಅಕೌಂಟ್ಸ್‌ಗೆ ಯಾವ ಸಾಫ್ಟ್‌ವೇರ್ ಗೊತ್ತು?" ಎಂದರು. ಉತ್ತರ ಒಂದೇ ಪದ. ಟ್ಯಾಲಿ. ಕಾಲೇಜಿನಲ್ಲಿ ಬೇರೆಯವರಿಗೆ ಹೇಳಿಕೊಡುತ್ತಿದ್ದೆ ನಾನು. ನಾಲಿಗೆಯ ತುದಿ ಅಂಗುಳಕ್ಕೆ ಹೋಗಿ ಅಂಟಿತು. ಬಿಡಲೇ ಇಲ್ಲ. ಟ್ಯಾಲಿಗೆ ಬದಲಿ ಪದ ಎಲ್ಲಿದೆ? ಅವರು ಕಾಯುತ್ತಿದ್ದರು. ನಾನು "ಗೊತ್ತಿಲ್ಲ ಸಾರ್" ಎಂದೆ.

ಉಗ್ಗಿ ಉಗ್ಗಿ "ಟ್ಯಾಲಿ" ಎಂದಿದ್ದರೆ ಕೆಲಸ ಸಿಗುತ್ತಿತ್ತೋ ಇಲ್ಲವೋ, ಬೇರೆ ಮಾತು. ಗೊತ್ತಿಲ್ಲ ಎಂದವನನ್ನು ಯಾರು ತಗೊಳ್ಳುತ್ತಾರೆ ಹೇಳಿ? ಪದ ಬದಲಿಸುವ ಚಾಳಿ ಕೊನೆಗೆ ತಂದು ನಿಲ್ಲಿಸುವುದು ಇಲ್ಲಿಗೇ. ಮೊದಮೊದಲು ಪದ ಬದಲಾಗುತ್ತದೆ, ಆಮೇಲೆ ವಿಷಯವೇ ಬದಲಾಗುತ್ತದೆ. ಗೊತ್ತಿದ್ದದ್ದು ಗೊತ್ತಿಲ್ಲ ಆಗುತ್ತದೆ, ಬೇಕು ಅನ್ನುವುದು ಬೇಡ ಆಗುತ್ತದೆ.

ಒಂದು ವರ್ಷ ಸುಮ್ನೆ ತೋಟ ನೋಡಿಕೊಂಡಿದ್ದೆ. ಮೈಸೂರಿನಲ್ಲಿದ್ದ ಚಿಕ್ಕಪ್ಪ ಒತ್ತಾಯ ಮಾಡಿ ಕರೆಸಿಕೊಂಡರು. ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಿಮಗೆ ಗೊತ್ತಿರಬಹುದು, ಜನ 'ಆಯಿಷ್' ಎನ್ನುತ್ತಾರೆ. 1966ರಿಂದ ಆ ಹೆಸರಿನಲ್ಲಿ ನಡೆಯುತ್ತಿರುವ ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿ ಕಾಯುವಾಗ ನನ್ನ ಪಕ್ಕ ಲಕ್ವ ಹೊಡೆದು ಮಾತು ಹೋಗಿದ್ದ ಹಿರಿಯರೊಬ್ಬರು ಕೂತಿದ್ದರು. ಯಾರು ಏನು ಕೇಳಿದರೂ ಅವರ ಹೆಂಡತಿಯೇ ಉತ್ತರ ಹೇಳುತ್ತಿದ್ದರು. ಒಳಗಿಂದ ಬಂದ ಹುಡುಗಿಯೊಬ್ಬಳು "ಅಮ್ಮಾ, ಅವರಿಗೇ ಬಿಡಿ, ನಾವು ಕಾಯೋಣ" ಎಂದಳು. ಎಲ್ಲರೂ ಕಾದೆವು. ಅವರ ಕೈ ಗಾಳಿಯಲ್ಲಿ ಏನೋ ಹಿಡಿಯುವ ಹಾಗೆ ಆಡಿತು. ತುಂಬ ಹೊತ್ತಿನ ಮೇಲೆ "ನೀರು" ಎಂದರು. ಹೆಂಡತಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು.

ನನ್ನನ್ನು ನೋಡಿದ ಮೇಡಂ ಒಂದಷ್ಟು ಮಾತಾಡಿಸಿ ಆಮೇಲೆ ಹಿಂದೆ ಯಾರೂ ಕೇಳದ ಪ್ರಶ್ನೆ ಕೇಳಿದರು. "ಈಗ ಮಾತಾಡುವಾಗ ಹೇಳಬೇಕು ಅಂದುಕೊಂಡು ಹೇಳದೆ ಬಿಟ್ಟ ಪದ ಯಾವುದು?" ನಾನು ಸುಮ್ಮನೆ ಕೂತೆ. ಅವರು ಹಾಳೆ ಪೆನ್ನು ಕೊಟ್ಟರು. ಮಂಡಗದ್ದೆ, ಟ್ಯಾಲಿ, ಬೇಸಾಯ, ಬೆಟ್ಟೆ (ಅಡಿಕೆಯ ಒಂದು ಬಗೆ), ಪದವಿ, ಅಮ್ಮನ ಹೆಸರು, ನನ್ನದೇ ಹೆಸರು. ಹಾಳೆ ತುಂಬಿತು. ನನ್ನ ಥೆರಪಿ ಶುರುವಾದದ್ದು ಅವತ್ತು.

ಅವರು ಕಲಿಸಿದ ದಾರಿಯನ್ನು ಹಾಕಿಕೊಟ್ಟವರು ಅಮೆರಿಕದ ಸ್ಪೀಚ್ ಥೆರಪಿಸ್ಟ್ ಚಾರ್ಲ್ಸ್ ವ್ಯಾನ್ ರೈಪರ್ (1905–1994), ಸ್ವತಃ ಉಗ್ಗುತ್ತಿದ್ದವರು. ಉಗ್ಗಬಾರದು ಎಂದು ಒದ್ದಾಡುವುದನ್ನು ಬಿಟ್ಟು, ಒದ್ದಾಟವಿಲ್ಲದೆ ಉಗ್ಗುವುದನ್ನು ಕಲಿಯಬೇಕು. 'ಬ' ಸಿಕ್ಕಿಕೊಂಡಿತು ಅಂದುಕೊಳ್ಳಿ. ಸಾಮಾನ್ಯವಾಗಿ ನಾವು ಇನ್ನೂ ಜೋರಾಗಿ ತುಟಿ ಒತ್ತುತ್ತೇವೆ, ಇಲ್ಲ ಪದ ಬಿಟ್ಟು ಓಡುತ್ತೇವೆ. ಅವೆರಡನ್ನೂ ಮಾಡದೆ ಸಿಕ್ಕಿಕೊಂಡಲ್ಲೇ ಇರಬೇಕು. ತುಟಿ ಎಷ್ಟು ಬಿಗಿಯಾಗಿದೆ ಎಂದು ಗಮನಿಸಿ, ಅದನ್ನು ಸಡಿಲ ಬಿಡುತ್ತಾ ದನಿಯನ್ನು ಮೆಲ್ಲಗೆ ಹೊರಗೆ ಬಿಡಬೇಕು. ಕನ್ನಡಿ ಮುಂದೆ ಮಾಡಿದರೆ ಬಿಗಿ ಬಿಡುವುದು ಕಣ್ಣಿಗೇ ಕಾಣುತ್ತದೆ. ಪದ ಪೂರ್ತಿ ಕೆಟ್ಟು ಹೋದರೆ ಮುಗಿಸಿ, ಒಂದು ಕ್ಷಣ ನಿಂತು, ಅದೇ ಪದವನ್ನು ಮತ್ತೆ ಸಡಿಲವಾಗಿ ಹೇಳಬೇಕು.

ಅದಕ್ಕಿಂತ ಕಷ್ಟದ ಕೆಲಸ ಬೇಕೆಂದೇ ಉಗ್ಗುವುದು. ಶಿವಮೊಗ್ಗಕ್ಕೆ ವಾಪಸ್ ಬಂದ ಮೇಲೆ ಗಾಂಧಿ ಬಜಾರಿನಲ್ಲಿ ಅಂಗಡಿ ಅಂಗಡಿಗೆ ಹೋಗಿ "ಬೆ ಬೆ ಬೆಲ್ಲ ಎಷ್ಟು?" ಎಂದು ಕೇಳಬೇಕಿತ್ತು. ಮೊದಲನೇ ಅಂಗಡಿಯ ಎದುರು ತುಂಬ ಹೊತ್ತು ನಿಂತಿದ್ದೆ. ಕೊನೆಗೆ ಕೇಳಿದೆ. ಅಂಗಡಿಯವರು ತಕ್ಕಡಿಯಿಂದ ಕಣ್ಣೆತ್ತಿ, "ಅಚ್ಚು ಬೆಲ್ಲವಾ, ಪುಡಿ ಬೆಲ್ಲವಾ?" ಎಂದರು. ಅಷ್ಟೇ. ವರ್ಷಗಟ್ಟಲೆ ಹೆದರಿದ್ದು ಇದಕ್ಕೆ. ಆಮೇಲೆ ಬಸ್ಸಿನಲ್ಲಿ "ಮಂಡಗದ್ದೆ" ಎಂದು ಹೇಳಿಯೇ ಟಿಕೆಟ್ ತಗೊಂಡೆ, ತಡೆದು ತಡೆದು.

ನಾನು ಈಗಲೂ ಉಗ್ಗುತ್ತೇನೆ. ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ, ದಿನವಿಡೀ ಫೋನು. ಬೆಳೆಗಾರರು "ಬೆಟ್ಟೆ ಎಷ್ಟಾಯ್ತು ಮಾರಾಯ್ರೆ?" ಎಂದು ಕೇಳಿದರೆ 'ಬ'ದ ಮೇಲೆ ಸ್ವಲ್ಪ ನಿಂತು ರೇಟು ಹೇಳುತ್ತೇನೆ. ರೇಟು ಬೇಕಾದವರು ಕಾಯುತ್ತಾರೆ.

ಹಾಗಾಗಿ ನಾಲ್ಕು ತಿಂಗಳಲ್ಲಿ ಉಗ್ಗು ಪೂರ್ತಿ ನಿಲ್ಲಬೇಕು ಎಂಬ ನಿಮ್ಮ ಗುರಿಯನ್ನೇ ನಾನು ಒಪ್ಪುವುದಿಲ್ಲ. ದೊಡ್ಡವರಲ್ಲಿ ಉಗ್ಗು ಬುಡಸಮೇತ ಹೋಗುವುದು ಅಪರೂಪ. ಆ ಗುರಿ ಇಟ್ಟುಕೊಂಡರೆ ನೀವು ಇನ್ನಷ್ಟು ಚೆನ್ನಾಗಿ ಮುಚ್ಚಿಡುವುದನ್ನು ಕಲಿಯುತ್ತೀರಿ. ನಾಲ್ಕು ತಿಂಗಳಲ್ಲಿ ಕಡಿಮೆಯಾಗಬಹುದಾದದ್ದು ಒದ್ದಾಟ ಮತ್ತು ಹೆದರಿಕೆ, ಇಂಟರ್ವ್ಯೂಗೆ ಅಷ್ಟು ಸಾಕು. ಕೂತ ಕೂಡಲೇ "ನನಗೆ ಉಗ್ಗು ಇದೆ, ಕೆಲವು ಪದಕ್ಕೆ ಸ್ವಲ್ಪ ಸಮಯ ಬೇಕಾಗುತ್ತದೆ" ಎಂದು ನೀವೇ ಹೇಳಿಬಿಡಿ. ಮುಚ್ಚಿಡುವುದೇ ಇಲ್ಲವಾದರೆ ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ಎಲ್ಲಿ ತೋರಿಸಲಿ ಎಂದರೆ, ವಾರ ವಾರ ತಪ್ಪದೆ ಹೋಗಲು ಆಗುವ ಕಡೆ. ಶಿವಮೊಗ್ಗದಲ್ಲಿದ್ದರೆ ಶಿವಮೊಗ್ಗವೇ ಸರಿ. ತಾಳಗುಪ್ಪ–ಮೈಸೂರು ರೈಲು ಇದೆ, ಒಮ್ಮೆ ಆಯಿಷ್‌ಗೆ ಹೋಗಿ ಪೂರ್ತಿ ಪರೀಕ್ಷೆ ಮಾಡಿಸಿಕೊಂಡು ಬನ್ನಿ. ಅವರು ಆನ್‌ಲೈನ್ ಥೆರಪಿಯನ್ನೂ ಕೊಡುತ್ತಾರೆ, ಕೇಳಿ ನೋಡಿ. ಥೆರಪಿಸ್ಟ್ ಯಾರೇ ಆಗಲಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ನೋಡಿ. ಇಷ್ಟು ದಿನದಲ್ಲಿ ಗ್ಯಾರಂಟಿ ಎನ್ನುವವರ ಹತ್ತಿರ, ನಾಲಿಗೆ ಕೆಳಗೆ ಕೊಯ್ಯಬೇಕು ಎನ್ನುವವರ ಹತ್ತಿರ, ಬಾಯಲ್ಲಿ ಕಲ್ಲು ಇಟ್ಟುಕೊಂಡು ಮಾತಾಡಿ ಎನ್ನುವವರ ಹತ್ತಿರ ದುಡ್ಡು ಕಳೆಯಬೇಡಿ. ಮೊದಲ ದಿನವೇ ನೀವು ಬಿಟ್ಟುಬಿಡುವ ಪದಗಳ ಪಟ್ಟಿ ಕೈಗೆ ಕೊಡಿ. ಕೆಮ್ಮುವುದು, "ಅದು… ಅದೇ…" ಎಂದು ಹೊತ್ತು ಕಳೆಯುವುದು, ಫೋನು ಎತ್ತದಿರುವುದು, ಎಲ್ಲವನ್ನೂ ಹೇಳಿ. ಅವರ ಎದುರು ಚೆನ್ನಾಗಿ ಮಾತಾಡಿ ತೋರಿಸುವ ಆಸೆಯನ್ನು ದಯವಿಟ್ಟು ಬಿಡಿ.

ಈಗ ನಿಮ್ಮ ಅಣ್ಣನ ಮಗಳು. ನಾಲ್ಕು ವರ್ಷ, ಈಗೀಗ ಉಗ್ಗುತ್ತಿದ್ದಾಳೆ, ನಿಮ್ಮನ್ನು ನೋಡಿ ಕಲಿತಳಾ ಎಂದು ಕೇಳಿದ್ದೀರಿ. ಇಲ್ಲ. ನೋಡಿ ಕಲಿಯುವುದಲ್ಲ ಅದು. ಮನೆತನದಲ್ಲಿ ಬರುವುದು ಹೌದು. ನನ್ನ ಚಿಕ್ಕಪ್ಪನಿಗೂ ಇತ್ತು. ಮಕ್ಕಳಲ್ಲಿ ನೂರಕ್ಕೆ ಐದರಷ್ಟು ಮಂದಿ ಯಾವುದೋ ಹಂತದಲ್ಲಿ ಉಗ್ಗುತ್ತಾರೆ, ಎರಡರಿಂದ ಐದು ವರ್ಷದ ಒಳಗೆ ಶುರುವಾಗುವುದು ಜಾಸ್ತಿ. ಹೆಚ್ಚಿನವರಿಗೆ ತಾನಾಗಿ ಹೋಗುತ್ತದೆ, ದೊಡ್ಡವರಾದ ಮೇಲೆ ಉಳಿಯುವುದು ನೂರಕ್ಕೆ ಒಬ್ಬರಿಗೆ. ಹೆಣ್ಣುಮಕ್ಕಳಲ್ಲಿ ಉಳಿಯುವುದು ಇನ್ನೂ ಕಡಿಮೆ. ಆದರೆ ಮನೆಯಲ್ಲಿ ಇನ್ನೊಬ್ಬರಿಗೆ ಉಗ್ಗು ಇದ್ದಾಗ "ತಾನೇ ಸರಿಹೋಗುತ್ತದೆ" ಎಂದು ಕೂರಬಾರದು. ಸಣ್ಣ ಮಕ್ಕಳಿಗೆ ಥೆರಪಿ ಬೇರೆ ಥರ ಇರುತ್ತದೆ, ಫಲವೂ ಬೇಗ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೂಪಿಸಿದ ಲಿಡ್‌ಕೋಂಬ್ ವಿಧಾನದಲ್ಲಿ ಥೆರಪಿಸ್ಟ್ ಕಲಿಸುವುದು ತಂದೆತಾಯಿಗೆ. ದಿನಾ ಸ್ವಲ್ಪ ಹೊತ್ತು ಆಟದ ನಡುವೆ, ಸರಾಗವಾಗಿ ಬಂದ ಮಾತನ್ನು ಮೆಚ್ಚಿ ಹೇಳುವುದು ಅದರ ಮುಖ್ಯ ಭಾಗ. ಅದನ್ನು ಕಲಿತೇ ಮಾಡಬೇಕು, ಓದಿ ಮಾಡುವುದಲ್ಲ.

ಅಣ್ಣ ಅತ್ತಿಗೆಗೆ ಇವಿಷ್ಟು ಹೇಳಿ. "ನಿಧಾನ ಹೇಳು, ಉಸಿರು ತಗೋ" ಎನ್ನುವುದು ಬೇಡ. ಅವಳು ಸಿಕ್ಕಿಕೊಂಡಾಗ ಪದ ತುಂಬಿಸಬೇಡಿ. ಮುಖ ನೋಡಿಕೊಂಡು ಕಾಯಿರಿ, ನೀವು ಮಾತಾಡುವ ವೇಗ ಇಳಿಸಿ. ಮೆಗ್ಗಾನ್ ಆಸ್ಪತ್ರೆಯಲ್ಲಿ ವಿಚಾರಿಸಿ, ಇಲ್ಲ ಹತ್ತಿರದ ಸ್ಪೀಚ್ ಥೆರಪಿಸ್ಟ್ ಹತ್ತಿರ ಈ ತಿಂಗಳಲ್ಲೇ ಕರೆದುಕೊಂಡು ಹೋಗಲಿ. ಹೋಗುವ ಮೊದಲು ಅವಳು ಮನೆಯಲ್ಲಿ ಆಡಿಕೊಂಡು ಮಾತಾಡುವುದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ, ಜಾಸ್ತಿ ಉಗ್ಗಿದ ದಿನದ್ದೂ ಇರಲಿ. ಹೊಸ ಜಾಗದಲ್ಲಿ ಮಕ್ಕಳು ಕೆಲವು ಸಲ ಸರಾಗವಾಗಿ ಮಾತಾಡಿಬಿಡುತ್ತಾರೆ, ಆಗ ಥೆರಪಿಸ್ಟ್‌ಗೆ ತೋರಿಸಲು ಬೇಕಾಗುತ್ತದೆ.