ಹದಿನೈದು ದಿನಕ್ಕೆ ಮೂರು ಕೆಜಿ

(ಚಿಂತಾಮಣಿಯ 24ರ ಓದುಗರೊಬ್ಬರ ಪತ್ರ: ‘ನನ್ನ ಎತ್ತರ 158 ಸೆಂ.ಮೀ., ತೂಕ 41 ಕೆಜಿ. ದಪ್ಪ ಆಗಬೇಕೆಂದು ನಾನೇ ಇಷ್ಟಪಟ್ಟು ಹೊರಟೆ. ಮೆಡಿಕಲ್ ಸ್ಟೋರ್‌ನವರು ಸ್ಟ್ರಿಪ್‌ನಿಂದ ಕತ್ತರಿಸಿ ಕೊಟ್ಟ ಮಾತ್ರೆಗೆ 15 ದಿನದಲ್ಲಿ 3 ಕೆಜಿ ಏರಿತು. ಗೆಳತಿ ಮಾತ್ರ “ಇರೋ ಮೈನೇ ಒಪ್ಕೊಳ್ಳೋಕಾಗಲ್ವಾ” ಅಂತ ಬೈತಾಳೆ. ನನ್ನದು ತಪ್ಪಾ?’)

ಆಸೆ ತಪ್ಪೇನಲ್ಲ. ಆದರೆ ಆ ಮಾತ್ರೆಯ ವಿಚಾರ ಮೊದಲು.

ಒಂದು ಕೆಜಿ ಕೊಬ್ಬು ಮೈಗೆ ಸೇರಲು ಖರ್ಚಿಗಿಂತ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು. 15 ದಿನದಲ್ಲಿ ಮೂರು ಕೆಜಿ ಎಂದರೆ ದಿನಕ್ಕೆ 1,500 ಹೆಚ್ಚುವರಿ. ಇನ್ನೊಬ್ಬರ ದಿನದೂಟವನ್ನೂ ನೀವೇ ಉಂಡ ಹಾಗೆ. ಅಷ್ಟು ಉಂಡಿಲ್ಲವಾದರೆ ಏರಿದ್ದರಲ್ಲಿ ಬಹುಪಾಲು ನೀರು. ಹೀಗೆ ಬಿಡಿಯಾಗಿ ಕೊಡುವುದರಲ್ಲಿ ಸಾಮಾನ್ಯವಾಗಿ ಎರಡು ಬಗೆ. ಸೈಪ್ರೊಹೆಪ್ಟಡಿನ್ ಅಲರ್ಜಿ ಔಷಧ. ಹಸಿವು ಹೆಚ್ಚಿಸುತ್ತದೆ, ತೂಕಡಿಕೆ ತರುತ್ತದೆ. ಡೆಕ್ಸಾಮೆಥಸೋನ್ ಸ್ಟೀರಾಯ್ಡ್, ಮುಖ ಗುಂಡಗಾಗುತ್ತದೆ, ಸಕ್ಕರೆ, ಬಿಪಿ ಏರುತ್ತವೆ, ಮೂಳೆ ಸವೆಯುತ್ತದೆ. ವಾರಗಟ್ಟಲೆ ನುಂಗಿ ದಿಢೀರನೆ ಬಿಟ್ಟರೂ ಅಪಾಯ, ಏಕೆಂದರೆ ಅಷ್ಟರಲ್ಲಿ ಮೈಗೆ ಬೇಕಾದ ಸ್ಟೀರಾಯ್ಡನ್ನು ತಾನೇ ತಯಾರಿಸುವ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತಿರುತ್ತದೆ. ಉಳಿದ ಮಾತ್ರೆ ಹಿಡಿದುಕೊಂಡೇ ವೈದ್ಯರ ಬಳಿ ಹೋಗಿ. ಥೈರಾಯ್ಡ್, ಹಿಮೋಗ್ಲೋಬಿನ್, ಸಕ್ಕರೆ ಪರೀಕ್ಷೆ ಮಾಡಿಸಿ. ಕೆಮ್ಮು, ಸಂಜೆ ಜ್ವರ ಇದ್ದರೆ ಮುಚ್ಚಿಡಬೇಡಿ, ಕ್ಷಯವಿರಬಹುದು.

ಗೆಳತಿಯ ಮಾತಿಗೆ ಬರೋಣ. ‘ಇರುವ ಮೈಯನ್ನು ಒಪ್ಪಿಕೊಳ್ಳಿ’ ಎನ್ನುತ್ತಾ ದಪ್ಪ ಇರುವವರ ಹಕ್ಕಿಗಾಗಿ ಅಮೆರಿಕದಲ್ಲಿ 1969ರಲ್ಲೇ ಸಂಘ ಕಟ್ಟಿದರು. ಅವರ ಜಗಳವಿದ್ದದ್ದು ಕೆಲಸದಲ್ಲೂ ಆಸ್ಪತ್ರೆಯಲ್ಲೂ ಮೈ ನೋಡಿ ಮನುಷ್ಯರನ್ನು ಅಳೆಯುವವರ ಜೊತೆ. ತನ್ನ ಮೈಯನ್ನು ತಾನೇ ಬದಲಿಸಿಕೊಳ್ಳುವವರನ್ನು ಬೈಯಲು ಆ ವಾದವನ್ನು ಎಳೆದು ತರುವುದು ನಮಗೆ ಸರಿ ಕಾಣುವುದಿಲ್ಲ. ನಮ್ಮಲ್ಲೂ ನೋಡಿ, ‘ಮೈಕೈ ತುಂಬ್ಕೊಂಡಿದಾಳೆ’ ಎಂದು ಹೊಗಳುತ್ತಿದ್ದ ಅತ್ತೆ-ಚಿಕ್ಕಮ್ಮಂದಿರೇ ಈಗ ‘ಏನೇ, ಊದ್ಕೊಂಡಿದೀಯ’ ಅನ್ನುತ್ತಾರೆ. ಅಳತೆ ತಿರುಗಿತು, ಬಾಯಿ ನಿಲ್ಲಲಿಲ್ಲ.

41 ಕೆಜಿಯಲ್ಲಿ ನಿಮ್ಮ ಬಿಎಂಐ (ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ನೋಡುವ ಅಳತೆ) 16.4. ಕನಿಷ್ಠ 18.5 ಮುಟ್ಟಲು ಸುಮಾರು 46 ಕೆಜಿ ಬೇಕು. ಹಾಗಾಗಿ ಗುರಿ ಸರಿಯಿದೆ.

ತಿನ್ನುವುದು ಹೇಗೆ? ನಮ್ಮ ಕಡೆ ಮುದ್ದೆ, ಸೊಪ್ಪಿನ ಸಾರು ಹೊಟ್ಟೆ ಬಿಗಿಯುತ್ತವೆ. 100 ಗ್ರಾಂ ಹಿಟ್ಟಿನ ಮುದ್ದೆಯಲ್ಲಿರುವುದು ಸುಮಾರು 320 ಕ್ಯಾಲೊರಿ ಅಷ್ಟೇ. ಇನ್ನೊಂದು ಮುದ್ದೆ ತುರುಕಬೇಡಿ. ಅದೇ ಮುದ್ದೆಗೆ ಎರಡು ಟೀ ಚಮಚ ತುಪ್ಪ (90), ಹನ್ನೊಂದು ಗಂಟೆಗೆ ಒಂದು ಹಿಡಿ, ಅಂದರೆ 30 ಗ್ರಾಂ, ಹುರಿದ ಕಡಲೆಕಾಯಿ ಬೀಜ (170), ರಾತ್ರಿ ಒಂದು ಲೋಟ ಗಟ್ಟಿ ಹಾಲು (170). ದಿನಕ್ಕೆ 430 ಆಯಿತು. ಲೆಕ್ಕದಲ್ಲಿ 18 ದಿನಕ್ಕೊಂದು ಕೆಜಿ, ನಿಜದಲ್ಲಿ ಇನ್ನೂ ನಿಧಾನ. ಕಾಳಿನ ಸಾರು, ಹಿತಕಿದ ಬೇಳೆ, ಮೊಟ್ಟೆ ತಿನ್ನುವವರಾದರೆ ದಿನಕ್ಕೊಂದೆರಡು ಮೊಟ್ಟೆ, ಯಾವುದೂ ತಪ್ಪದಿರಲಿ. ಬಹಳ ಜನ ಕೆಡಿಸಿಕೊಳ್ಳುವುದು ಊಟಕ್ಕೆ ಅರ್ಧ ಗಂಟೆ ಮುಂಚೆ ಬೀಜ ತಿಂದೋ ಕಾಫಿ ಕುಡಿದೋ. ಆಮೇಲೆ ಊಟ ಇಳಿಯುವುದಿಲ್ಲ, ಒಟ್ಟು ಮೊತ್ತ ಅಲ್ಲಿಗಲ್ಲಿಗೇ ನಿಲ್ಲುತ್ತದೆ.

ವಾರಕ್ಕೆ ಮೂರು ದಿನ ಬಸ್ಕಿ ಹೊಡೆಯಿರಿ: 12ರಂತೆ ಮೂರು ಸುತ್ತು. ಸಲೀಸಾದ ಮೇಲೆ ಎರಡು ಲೀಟರ್ ನೀರಿನ ಬಾಟಲಿ ಎದೆಗವಚಿಕೊಳ್ಳಿ. ಇಲ್ಲದಿದ್ದರೆ ಬಂದ ತೂಕದಲ್ಲಿ ಸ್ನಾಯುವಿಗಿಂತ ಕೊಬ್ಬೇ ಹೆಚ್ಚು. 57 ಕೆಜಿ ದಾಟಬೇಡಿ. ನಮ್ಮ ಜನಕ್ಕೆ ಬಿಎಂಐ 23ರಿಂದಲೇ ಸಕ್ಕರೆ ಕಾಯಿಲೆಯ ಭಯ ಜಾಸ್ತಿ.

ಮಾತ್ರೆ ನಿಂತಾಗ ಒಂದೆರಡು ಕೆಜಿ ಇಳಿಯಬಹುದು, ಗಾಬರಿಯಾಗಬೇಡಿ. ಎರಡು ವಾರ ಬಿಟ್ಟು, ಬೆಳಗ್ಗೆ ಬರಿ ಹೊಟ್ಟೆಯಲ್ಲಿ ತೂಗಿ ಆ ಅಂಕಿಯನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಲೆಕ್ಕ ಅಲ್ಲಿಂದ ಶುರು.